ಸಮಿತಿಗೆ ಹೇಳದ ಮೂರನೆಯ ಹೆಸರು

"ಆ ದಿನ ಹರಗೋಲಿನಲ್ಲಿ ಯಾರ್ಯಾರು ಇದ್ರಿ?" ಎಂದು ಸಮಿತಿಯ ಅಧ್ಯಕ್ಷರು ಕೇಳಿದರು. ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಅಳುತ್ತಿರುವ ಮನೆಯವರನ್ನು ಮಾತಾಡಿಸುವ ಹಾಗೆ ಕೇಳಿದರು. ನನ್ನ ಪಕ್ಕದಲ್ಲಿ ಕುಳಿತಿದ್ದ ಇಬ್ಬರು ಹೆಣ್ಣುಮಕ್ಕಳು ಎದ್ದು ನಿಂತರು.

ನಾನು ಅವರಲ್ಲಿ ಹಿರಿಯಳಾದ ಮುದುಕಿಯ ಸೆರಗು ಹಿಡಿದು ಜಗ್ಗಿದೆ. ಆಕೆ ನನ್ನ ಕೈ ಕೊಡವಿಕೊಂಡಳು. ಸುರಪುರದ ತಾಲ್ಲೂಕು ಸಭಾಂಗಣ ತುಂಬಿತ್ತು. ಹಿಂದಿನ ಸಾಲಿನಲ್ಲಿ ಉಸುಕಿನ ಟಿಪ್ಪರ್‌ಗಳ ಮಂದಿ ತೋಳು ಕಟ್ಟಿಕೊಂಡು ಕುಳಿತಿದ್ದರು. ಅವರಲ್ಲೊಬ್ಬ ಮೊಬೈಲು ಎತ್ತಿ, ಮದುವೆಯಲ್ಲಿ ಫೋಟೋ ತೆಗೆಯುವಷ್ಟು ನಿರಾಳವಾಗಿ, ನಿಂತ ಇಬ್ಬರ ಮುಖಗಳನ್ನು ಹಿಡಿದುಕೊಂಡ.

ನಾನು ಸುರಪುರದಲ್ಲಿ ವಕೀಲಿ ಮಾಡುತ್ತೇನೆ. ಕೊಡೇಕಲ್ಲಿನಿಂದ ಆಚೆ, ಕೃಷ್ಣೆಯ ದಂಡೆಯಲ್ಲಿ ಕೊಲೆಯಾದ ಒಬ್ಬ ಬೆಸ್ತನ ಮನೆಯವರ ಪರವಾಗಿ ಸರಕಾರಿ ವಕೀಲರಿಗೆ ನೆರವಾಗುವ ಕೆಲಸ ನನ್ನದಾಗಿತ್ತು. ಅವನು ಮಾಡಿದ್ದ ತಪ್ಪು ಇಷ್ಟೇ. ಹೊಳೆಯ ತಳದಿಂದ ಉಸುಕು ಹೀರುವ ಯಂತ್ರದ ದೋಣಿ ಅವನ ಬಲೆಗಳನ್ನು ಹರಿದುಕೊಂಡು ಹೋಗುತ್ತಿತ್ತು. ಅವನು ಎದೆಮಟ್ಟದ ನೀರಿನಲ್ಲಿ ಅದಕ್ಕೆ ಅಡ್ಡ ನಿಂತ. ದೋಣಿಯಲ್ಲಿದ್ದವರು ಕಬ್ಬಿಣದ ಪೈಪಿನಿಂದ ತಲೆಗೆ ಹೊಡೆದರು. ಮುಳುಗಿದವನು ಎದ್ದ. ಆಗ ಅದೇ ಪೈಪನ್ನು ಹೆಗಲಿಗೊತ್ತಿ, ಮತ್ತೆ ಏಳದಷ್ಟು ಹೊತ್ತು ಒಳಗೇ ಹಿಡಿದಿದ್ದರು.

ದಂಡೆಯ ಜೇಕು ಹುಲ್ಲಿನ ಮರೆಯಲ್ಲಿ ಹರಗೋಲಿತ್ತು. ಅದರಲ್ಲಿ ಮೂವರಿದ್ದರು: ಸತ್ತವನ ತಾಯಿ, ಅವನ ಹೆಂಡತಿ, ಮತ್ತು ಆಗ ಬಸುರಿಯಾಗಿದ್ದ ನೆರೆಮನೆಯ ಸೊಸೆ. ಹೊಡೆದವರಿಗೆ ಕಂಡದ್ದು ಸೆರಗು ಮುಚ್ಚಿಕೊಂಡ ಮೂರು ತಲೆಗಳು ಮಾತ್ರ. ಮ್ಯಾಜಿಸ್ಟ್ರೇಟರು ಬಾಗಿಲು ಹಾಕಿಸಿ ಮೂವರ ಹೇಳಿಕೆಯನ್ನೂ ಬರೆಸಿಕೊಂಡಿದ್ದರು. ಸಾಕ್ಷಿ ನುಡಿಯುವ ದಿನದವರೆಗೆ ಹೆಸರು ಹೊರಬೀಳಬಾರದೆಂದು ಆದೇಶವೂ ಆಗಿತ್ತು.

ಈ ನಡುವೆ ಶಾಸಕರ ಸಮಿತಿ ಬಂತು. ಹೊಳೆಯಲ್ಲಿ ಉಸುಕು ಎತ್ತಲು ಪರವಾನಗಿ ಹೇಗೆ ಸಿಗುತ್ತದೆ, ಯಂತ್ರಗಳನ್ನು ಯಾರು ತಡೆಯಬೇಕು, ಯಾಕೆ ತಡೆಯುತ್ತಿಲ್ಲ ಎಂದು ವಿಚಾರಿಸುವುದಕ್ಕೆ ಸದನ ಅದನ್ನು ನೇಮಿಸಿತ್ತು. ಅದರ ಮುಂದೆ ನಮ್ಮವರು ಹರಿದ ಬಲೆಗಳ ವಿಷಯ ಹೇಳಲಿ ಎಂದು ಕರೆದುಕೊಂಡು ಹೋದವಳು ನಾನೇ. ಹಿಂದಿನ ದಿನ ಅವರ ಅಂಗಳದಲ್ಲಿ ಕುಳಿತು ಪಾಠ ಹೇಳಿದ್ದೆ. "ಕೊಲಿ ಬಗ್ಗೆ ಕೇಳಿದ್ರ ಬಾಯಿ ಬಿಡಬ್ಯಾಡ್ರಿ. ಒಂದ ಮಾತೂ ಬ್ಯಾಡ."

ಅವರು ಬಾಯಿ ಬಿಡಲಿಲ್ಲ. ಎದ್ದು ನಿಂತರು. ಆ ದಂಡೆಯ ರಿವಾಜು ನನಗೆ ಗೊತ್ತಿರಲಿಲ್ಲ. ನೀರಿನ ಮೇಲೆ ನಡೆದದ್ದನ್ನು ಹಿರಿಯರು ಕೇಳಿದರೆ, ಆ ಹರಗೋಲಿನಲ್ಲಿದ್ದವರೆಲ್ಲ ಏಳಬೇಕು. ಕುಳಿತವರು ತಮ್ಮ ಜೊತೆಗಾರರನ್ನು ನೀರಿಗೆ ತಳ್ಳಿದ ಲೆಕ್ಕ. ಕಕ್ಕೇರಾದಲ್ಲಿ ಹುಟ್ಟಿ, ಧಾರವಾಡದಲ್ಲಿ ಕಾನೂನು ಓದಿದ ನನಗೆ ಹೊಳೆ ಎಂದರೆ ಬಸ್ಸಿನ ಕಿಟಕಿಯಿಂದ ಕಾಣುವ ನೀರು.

ಮೂರನೆಯವಳು ಅಷ್ಟೊತ್ತಿಗೆ ಹೊರಗಿನ ಕಟ್ಟೆಯಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಅವಳು ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ.

"ಇಬ್ಬರೇನಾ? ಮೂವರು ಅಂತ ಪೇಪರಿನಲ್ಲಿತ್ತಲ್ಲ?" ಎಂದರು ಅಧ್ಯಕ್ಷರು.

ಮುದುಕಿ ನನ್ನ ಕಡೆ ನೋಡಿದಳು. ನಾನು ಎದ್ದು, ಸಂಗತಿ ಕೋರ್ಟಿನಲ್ಲಿದೆ ಎಂದೆ. ಅವರು ತಲೆಯಾಡಿಸಿ ಮುಂದಿನವರನ್ನು ಕರೆದರು.

ಮಧ್ಯಾಹ್ನ ಊಟ ಮುಗಿಸಿ ಅವರ ಊರಿಗೆ ಹೊರಟೆವು. ನೆರೆಮನೆಯ ಸೊಸೆ ಕೂಸಿನ ಸೂಜಿಗೆಂದು ಸುರಪುರದಲ್ಲೇ ಉಳಿದಳು. ಜೀಪಿನಲ್ಲಿ ನಾನು ಮುಂದೆ, ಅವರಿಬ್ಬರು ಹಿಂದೆ. ಮುದುಕಿ ಅಧ್ಯಕ್ಷರ ಬಗ್ಗೆ ಚಾಷ್ಟಿ ಮಾಡುತ್ತಿದ್ದಳು.

"ಎಷ್ಟ್ ಮೆತ್ತಗ ಮಾತಾಡ್ತಾನವ್ವಾ. ನಮ್ಮ ಕಡಿ ಹುಟ್ಟಿದ್ರ ಯಾರೂ ಓಟ ಹಾಕ್ತಿದ್ದಿಲ್ಲ."

ಅವಳ ಸೊಸೆ ನಕ್ಕಳು. ಗಂಡ ಸತ್ತಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಆ ನಗು ಮುಗಿಯುವುದರೊಳಗೆ ತಿರುವಿನಲ್ಲಿ ಒಂದು ಟಿಪ್ಪರ್ ಅಡ್ಡ ನಿಂತದ್ದು ಕಂಡಿತು. ಹಿಂದೆ ಇನ್ನೊಂದು ಬಂತು.

ಮುಂದಿನದನ್ನು ನಾನು ಪೊಲೀಸರಿಗೆ ಕ್ರಮವಾಗಿ ಹೇಳಿದ್ದೇನೆ. ತಲೆಯಲ್ಲಿ ಮಾತ್ರ ಅದು ಇಂದಿಗೂ ಕ್ರಮವಾಗಿ ಬರುವುದಿಲ್ಲ. ಮೊದಲು ಬರುವುದು ಗಾಜಿನ ಸದ್ದು. ಅದು ಒಡೆದಾಗ ನನ್ನ ಹಣೆ ಸೀಳಿ, ಸಕ್ಕರೆ ಚೆಲ್ಲಿದಂತೆ ಮಡಿಲಿಗೆ ಸುರಿಯಿತು. ಆಮೇಲೆ ಡ್ರೈವರಿನ ಕೈ ಬರುತ್ತದೆ. ಅವನು ಗೇರು ಹಾಕಲು ಹೋದ, ಆ ಕೈಯ ಮೇಲೆ ರಾಡು ಬಿತ್ತು, ಬೆರಳುಗಳು ಬೇರೆ ದಿಕ್ಕಿಗೆ ತಿರುಗಿದವು. ಹಿಂದಿನ ಬಾಗಿಲು ತೆರೆದರು. ನನ್ನನ್ನು ಯಾರೂ ಕೆಳಗಿಳಿಸಲಿಲ್ಲ. ಒಬ್ಬ ನನ್ನ ಜಡೆಯನ್ನು ಸೀಟಿನ ಹಿಂದಿನಿಂದ ಹಿಡಿದು, ತಲೆ ಅಲುಗದಂತೆ ಎಳೆದು ಹಿಡಿದ. "ವಕೀಲಮ್ಮ, ನೀ ನೋಡು" ಎಂದ. "ನೋಡೋದು ಭಾಳ ಸೇರತದಲ್ಲ ನಿಮಗ."

ಕನ್ನಡಿಯಲ್ಲಿ ನೋಡಿದೆ. ಮುದುಕಿಯನ್ನು ರಸ್ತೆಗೆ ಕೆಡವಿ ಮುಖಕ್ಕೆ ಮೊದಲು ಬೂಟಿನಿಂದ ಒದ್ದರು, ಆಮೇಲೆ ಕಲ್ಲಿನಿಂದ ಜಜ್ಜಿದರು. ದವಡೆ ಮುರಿದ ಸದ್ದು ದೊಡ್ಡದೇನಲ್ಲ, ಕಟ್ಟಿಗೆಯ ಪುಳ್ಳೆ ಮುರಿದಷ್ಟೇ. ಸೊಸೆ ಅತ್ತೆಯ ಮೇಲೆ ಬಿದ್ದು ಮೈ ಮುಚ್ಚಿದಳು. ಅವಳ ತಲೆಗೆ ಸ್ಪ್ಯಾನರಿನಿಂದ ಹೊಡೆದರು. ಅವಳು ಕೂಗುವುದನ್ನು ನಿಲ್ಲಿಸಿದ ಮೇಲೂ ಹೊಡೆದರು. ಹೊಡೆಯುವಾಗ ಒಬ್ಬನೂ ಬೈಯಲಿಲ್ಲ. ಲೋಡು ಇಳಿಸುವವರ ಹಾಗೆ, ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡುತ್ತ ಹೊಡೆದರು.

ಜಡೆ ಹಿಡಿದವನು ಕೊನೆಗೆ ಕೇಳಿದ. "ಮೂರನೇದಾಕಿ ಯಾರು?"

ನನಗೆ ದನಿ ಬರಲಿಲ್ಲ. ಅದನ್ನು ಧೈರ್ಯವೆಂದು ಯಾರಾದರೂ ಆಡಿದರೆ ನನಗೆ ಸಿಟ್ಟು ಬರುತ್ತದೆ. ನಾಲಗೆ ಎದ್ದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅಷ್ಟರಲ್ಲಿ ಜನ ತುಂಬಿದ ಸರಕಾರಿ ಬಸ್ಸೊಂದು ಹಾರ್ನು ಒತ್ತುತ್ತ ತಿರುವಿಗೆ ಬಂತು. ಅವರು ಓಡಲಿಲ್ಲ, ನಡೆದು ಹೋಗಿ ಟಿಪ್ಪರ್ ಹತ್ತಿದರು.

ಮುದುಕಿಯ ದವಡೆಗೆ ತಂತಿ ಬಿಗಿದರು, ಅವಳ ಮಾತು ಯಾರಿಗೂ ತಿಳಿಯದಂತಾಯಿತು. ಸೊಸೆ ಬದುಕಿದಳು, ಆದರೆ ಗಂಡ ಸತ್ತ ದಿನ ಅವಳ ನೆನಪಿನಿಂದ ಹೋಯಿತು. ಯಾದಗಿರಿಯ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ, "ಮನಿಯವರು ಬಂದಾರೇನ್ರೀ?" ಎಂದು ಕೇಳಿದಳು. ಹೊಳೆಯಲ್ಲಿ ಕಂಡದ್ದನ್ನು ಈಗ ಪೂರ್ತಿ ಹೇಳಬಲ್ಲವಳು ನೆರೆಮನೆಯ ಸೊಸೆ ಒಬ್ಬಳೇ. ಹಲ್ಲೆಯಾದ ಸಂಜೆಯೇ ಅವಳನ್ನೂ ಕೂಸನ್ನೂ ಬೇರೆ ಊರಿಗೆ ಕಳಿಸಿದ್ದೆವು. ಯಾವ ಊರೆಂದು ಈಗಲೂ ಬರೆಯಲಾರೆ.

ನನ್ನ ಹಣೆಯ ಹೊಲಿಗೆ ಬಿಚ್ಚುವ ಮೊದಲೇ ಸಮಿತಿಯಿಂದ ಸಮನ್ಸು ಬಂತು. ಸಾಕ್ಷಿಗಳ ಮೇಲಿನ ಹಲ್ಲೆಯಿಂದ ಸಮಿತಿ ಕನಲಿತ್ತು. ಯಾದಗಿರಿಯಲ್ಲಿ ನಡೆಯುವ ಮುಂದಿನ ಬೈಠಕ್ಕಿಗೆ ನಾನು ಹಾಜರಾಗಬೇಕು, ಮೂರನೆಯ ಸಾಕ್ಷಿಯ ಹೆಸರು ಮತ್ತು ಇರುವ ಸ್ಥಳ ತಿಳಿಸಬೇಕು, ತಪ್ಪಿದರೆ ಸದನದ ಹಕ್ಕುಚ್ಯುತಿಯೆಂದು ಕ್ರಮ ತೆಗೆದುಕೊಳ್ಳಲಾಗುವುದು ಎಂದಿತ್ತು. ಹಕ್ಕುಚ್ಯುತಿ ಎಂದರೆ ಸದನ ತನಗಾದ ಅವಮಾನಕ್ಕೆ ತಾನೇ ಶಿಕ್ಷೆ ಕೊಡುವ ಅಧಿಕಾರ. ಜೈಲಿಗೂ ಕಳಿಸಬಹುದು. ಅಧ್ಯಕ್ಷರು ಫೋನಿನಲ್ಲೂ ಮಾತಾಡಿದರು. "ಹೆದರಬೇಡಮ್ಮ. ಆ ಹುಡುಗಿಗೆ ನಾನು ಪೊಲೀಸ್ ಕಾವಲು ಹಾಕಿಸ್ತೀನಿ. ಮೊದಲು ಹೆಸರು ದಾಖಲಾಗಲಿ."

ನನ್ನ ಮನಸ್ಸು ಹೊಯ್ದಾಡಿತು. ಕಾವಲು ಸಿಕ್ಕರೆ ಒಳ್ಳೆಯದಲ್ಲವೇ? ಕೋರ್ಟಿನ ಆದೇಶವಿದ್ದೂ ಅವಳಿಗೆ ಒಬ್ಬ ಪೇದೆಯೂ ಸಿಕ್ಕಿರಲಿಲ್ಲ.

ಕೇಳೋಣವೆಂದು ಶಹಾಪುರಕ್ಕೆ ಹೋದೆ. ನಾನು ಕೆಲಸ ಕಲಿತ ಹಿರಿಯ ವಕೀಲರು ಅಲ್ಲಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಚಹಾ ಕುಡಿಯಲು ಕಲ್ಲಿನ ಬೆಂಚಿನ ಮೇಲೆ ಕುಳಿತೆ. ಒಬ್ಬ ಬಂದು ಪಕ್ಕದಲ್ಲಿ ಕುಳಿತ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಡಿಲಲ್ಲಿ ಮಡಚಿದ ಪೇಪರು. ಪೇಪರಿನೊಳಗಿನಿಂದ ಸ್ಪ್ಯಾನರಿನ ಬಾಯಿ ಹೊರಬಂದು ನನ್ನ ಮೊಣಕಾಲಿನ ಚಿಪ್ಪನ್ನು ಒತ್ತಿತು.

"ಆರಾಮ ಅದೀರೇನ್ರೀ ಮೇಡಂ? ಹಣಿ ಮಾಯ್ತೇನು?"

ಎದುರಿಗೆ ಕಂಡಕ್ಟರೊಬ್ಬ ಯಾದಗಿರಿ, ಯಾದಗಿರಿ ಎಂದು ಕೂಗುತ್ತಿದ್ದ.

"ಸಮಿತಿಯವರು ಕರದಾರಂತಲ್ರಿ. ಹೋಗಿ ಹೇಳಿಬಿಡ್ರಿ. ಅಷ್ಟು ದೊಡ್ಡ ಮಂದಿ ಕೇಳಿದ್ರ ಹೇಳಬೇಕಾಗತದ, ಅಲ್ಲೇನ್ರೀ? ಕಾನೂನದ." ಸ್ಪ್ಯಾನರನ್ನು ಇನ್ನಷ್ಟು ಒತ್ತಿದ. ಚಿಪ್ಪು ಜಾರುವಂತೆ ನೋವಾಯಿತು. "ನಾವೇನ ಬ್ಯಾಡ ಅನ್ನಾಕತ್ತೀವೇನು? ಹೇಳ್ರಿ ಅನ್ನಾಕತ್ತೀವಿ."

ಎದ್ದು ಹೋಗುವಾಗ ನನ್ನ ಚಹಾದ ದುಡ್ಡನ್ನು ಅವನೇ ಕೊಟ್ಟು ಹೋದ.

ಕುಳಿತಲ್ಲೇ ಒಂದನ್ನು ತಿಳಿದುಕೊಂಡೆ. ಅಧ್ಯಕ್ಷರೂ ಇವನೂ ಕೇಳುತ್ತಿದ್ದುದು ಒಂದೇ ಪ್ರಶ್ನೆ. ಅವರಿಗೆ ಬೇಕಾದದ್ದು ನ್ಯಾಯ, ಇವನಿಗೆ ಬೇಕಾದದ್ದು ಮೂರನೆಯವಳ ದವಡೆ. ಉತ್ತರ ಮಾತ್ರ ಒಂದೇ ಸಭಾಂಗಣದಲ್ಲಿ, ಒಂದೇ ಗಾಳಿಯಲ್ಲಿ ಇಬ್ಬರಿಗೂ ಸಿಗುತ್ತಿತ್ತು. ಹೇಳಬಾರದೆಂದು ಆ ಬೆಂಚಿನ ಮೇಲೆಯೇ ತೀರ್ಮಾನಿಸಿದೆ. ಹೇಳದೆ ಉಳಿಯುವುದಕ್ಕೆ ಕಾನೂನಿನಲ್ಲಿ ದಾರಿ ಇದೆಯೇ ಎನ್ನುವುದಷ್ಟೇ ಉಳಿದಿತ್ತು.

ಹಿರಿಯರು ಸಮನ್ಸು ಓದಿ, ಕನ್ನಡಕ ತೆಗೆದಿಟ್ಟು, "ಹೈಕೋರ್ಟಿಗೆ ಅರ್ಜಿ ಬರಕೊಂಡ ಬಾ" ಎಂದರು. ಅವರ ಮನೆಯ ಪಡಸಾಲೆಯಲ್ಲೇ ಕುಳಿತು ಬರೆದೆ. ಸಮನ್ಸನ್ನು ಸಾಕಷ್ಟು ದಿನ ಮುಂಚೆ ಕೊಟ್ಟಿಲ್ಲ, ಸಮಿತಿಯ ಎಲ್ಲ ಸದಸ್ಯರೂ ಇರಲಿಲ್ಲ, ಸಾಕ್ಷ್ಯವನ್ನು ಮುಚ್ಚಿದ ಕೋಣೆಯಲ್ಲಿ ಪಡೆಯಬೇಕಿತ್ತು, ಆದರೂ ಬಹಿರಂಗವಾಗಿ ಪಡೆದರು. ಹೀಗೆ ಸಿಟ್ಟಿನಲ್ಲಿ ಒಂದರ ಮೇಲೊಂದು ಪೇರಿಸಿದೆ.

ಹಿರಿಯರು ಓದುತ್ತ ಹೋದಂತೆ ಪೆನ್ನಿನಿಂದ ಗೆರೆ ಹೊಡೆಯುತ್ತ ಹೋದರು.

"ಏನ್ರೀ ಸರ್, ಎಲ್ಲಾ ಹೊಡದುಬಿಟ್ರಿ?"

"ಮತ್ತೇನ ಮಾಡ್ಲಿ? ಇದೆಲ್ಲ ಅವರ ಮನಿ ಒಳಗಿನ ಶಿಸ್ತು. ಅವರು ಕ್ರಮ ತಪ್ಪ್ಯಾರ ಅಂತ ಕೋರ್ಟ್ ಕೇಳೂ ಹಂಗಿಲ್ಲ, ಸಂವಿಧಾನನ ಆ ಬಾಗಲಾ ಹಾಕ್ಯದ. ಇದನ್ನ ತಗೊಂಡು ಹೋದ್ರ ಮೊದಲನೇ ಪುಟಕ್ಕ ನಿನ್ನ ಮನಿಗೆ ಕಳಿಸ್ತಾರ."

"ಹಂಗಾದ್ರ ಅವರು ಏನ ಕೇಳಿದ್ರೂ ಹೇಳಬೇಕೇನ್ರೀ?"

"ಅಲ್ಲ ತಂಗಿ. ಕ್ರಮ ತಪ್ಪೋದು ಬ್ಯಾರೆ, ಅಧಿಕಾರ ಮೀರೋದು ಬ್ಯಾರೆ. ಉಸುಕಿನ ಪರವಾನಗಿ ಕೇಳ್ಲಿ, ಅಧಿಕಾರಿಗಳನ್ನ ಕರದು ಬೆವರ ಇಳಿಸ್ಲಿ, ನಾಳೆ ಕಾಯ್ದೆ ಮಾಡ್ಲಿ. ಅದಕ್ಕ ಅವರು ಇರೋದು. ಆದ್ರ ಇಂಥವ ಇಂಥವನ್ನ ಕೊಂದಾನೋ ಇಲ್ಲೋ, ಅದನ್ನ ಯಾರು ನೋಡ್ಯಾರ, ಇದು ಕೋರ್ಟಿನ ಕೆಲಸ. ಆ ಕೆಲಸಕ್ಕ ಅವರು ಕೈ ಹಾಕಿದ್ರ, ಅದು ಕ್ರಮ ತಪ್ಪಿದ್ದಲ್ಲ, ಗೆರಿ ದಾಟಿದ್ದು. ಆಗ ಕೋರ್ಟ್ ಕೇಳತದ." ಸ್ವಲ್ಪ ತಡೆದು ಹೇಳಿದರು. "ಇನ್ನೊಂದು. ಆಕಿ ಒಮ್ಮಿ ಕಟಕಟಿಯೊಳಗ ನಿಂತು ಹೇಳಿಬಿಟ್ಲಂದ್ರ, ಆಮ್ಯಾಲ ಆಕಿನ್ನ ಹೊಡದು ಅವರಿಗೆ ಲಾಭಿಲ್ಲ. ಅಲ್ಲೀತನಾ ಆಕಿ ಜೀವ ಉಳೀಬೇಕು. ಅಷ್ಟ ನಿನ್ನ ಕೇಸು."

ಮತ್ತೆ ಬರೆದೆ. ಈ ಸಲ ಅರ್ಜಿಯಲ್ಲಿ ಮೂರು ಮಾತುಗಳಷ್ಟೇ ಉಳಿದವು: ಆ ಪ್ರಶ್ನೆ ಸಮಿತಿಗೆ ಒಪ್ಪಿಸಿದ ವಿಷಯದೊಳಗೆ ಇಲ್ಲ; ಅದು ನ್ಯಾಯಾಲಯದ ಮುಂದಿರುವ ಅಪರಾಧದ್ದು; ಕಕ್ಷಿದಾರರು ವಕೀಲಳನ್ನು ನಂಬಿ ಹೇಳಿದ್ದನ್ನು ಬಾಯಿ ಬಿಡಿಸುವಂತಿಲ್ಲ.

ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ಹಿರಿಯರು ವಾದಿಸಿದರು. ನಾನು ಹಿಂದಿನ ಸಾಲಿನಲ್ಲಿ, ಗೋಡೆಗೆ ಬೆನ್ನು ಹಚ್ಚಿ ಕುಳಿತಿದ್ದೆ. ಜೀಪಿನ ಆ ದಿನದಿಂದ ನನಗೆ ಹಿಂದೆ ಯಾರಾದರೂ ಇದ್ದರೆ ಕೂರಲು ಆಗುವುದಿಲ್ಲ.

ಮೊದಲ ಮಾತಿಗೇ ನಾವು ಸೋತೆವು. ಸಮನ್ಸಿಗೆ ತಡೆ ಕೊಡಲು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಕರೆಯುವುದು ಸಮಿತಿಯ ಹಕ್ಕು, ಕರೆದರೆ ಹೋಗಬೇಕು, ಪ್ರಶ್ನೆ ಕೇಳುವ ಮೊದಲೇ ಬೈಠಕ್ಕನ್ನು ನಿಲ್ಲಿಸುವುದು ನ್ಯಾಯಾಲಯದ ಕೆಲಸವಲ್ಲ ಎಂದರು. ನನ್ನ ಕಣ್ಣಿಗೆ ಮತ್ತೆ ಆ ಸಭಾಂಗಣ ಬಂತು, ಎತ್ತಿದ ಮೊಬೈಲು ಬಂತು. ಆಮೇಲೆ ಆದೇಶದ ಎರಡನೆಯ ಭಾಗ ಹೇಳಿ ಬರೆಸಿದರು. ಪರವಾನಗಿ, ಆಡಳಿತದ ಬಗ್ಗೆ ಕೇಳಿದ್ದಕ್ಕೆಲ್ಲ ಅರ್ಜಿದಾರಳು ಉತ್ತರಿಸಬೇಕು. ವಿಚಾರಣೆಯಲ್ಲಿರುವ ಕೊಲೆಯ ಸಾಕ್ಷಿ ಯಾರು ಎಂಬ ಪ್ರಶ್ನೆಗೆ ಉತ್ತರಿಸಲು ನಿರಾಕರಿಸಬಹುದು. ನಿರಾಕರಿಸಿದ್ದಕ್ಕಾಗಿ ಆಕೆಯ ಮೇಲೆ ಕ್ರಮವಾದರೆ ನ್ಯಾಯಾಲಯದ ಬಾಗಿಲು ತೆರೆದಿರುತ್ತದೆ.

"ಗೆದ್ದೇವೋ ಸೋತೇವೋ ಸರ್?" ಎಂದು ಮೆಟ್ಟಿಲಿಳಿಯುತ್ತ ಕೇಳಿದೆ.

"ಹೋಗಬೇಕು, ಹೇಳಬಾರದು. ಗೆದ್ದದ್ದೋ ಸೋತದ್ದೋ, ಹೋಗಿ ಬಂದ ಮ್ಯಾಲ ನೀನ ಹೇಳು."

ಯಾದಗಿರಿಗೆ ಹೋಗುವ ಮೊದಲು ನೆರೆಮನೆಯ ಸೊಸೆಯನ್ನು ನೋಡಿಬಂದೆ. ಆದೇಶವನ್ನು ಓದಿ ಹೇಳಿದರೆ ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಆಕೆ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ತಟ್ಟುತ್ತ, ನನ್ನನ್ನು ನೋಡದೆ ಹೇಳಿದಳು.

"ನನ್ನ ಹೆಸರ ಹೇಳಿಬಿಡ್ರಿ ಅಕ್ಕಾರ."

"ಹುಚ್ಚೇನ ನಿನಗ?"

"ಅವರಿಬ್ರು ಎದ್ದು ನಿಂತ್ರು. ಹೊಡಿಸಿಕೊಂಡ್ರು. ನಾ ಒಬ್ಬಾಕಿ ಕುಂತೀನಿ. ನಾಳಿ ಆ ದಂಡಿಗೆ ಹ್ಯಾಂಗ ಹೋಗ್ಲಿ? ನನ್ನ ಮಗಳಿಗೆ ಯಾರು ಹರಗೋಲಾಗ ಜಾಗಾ ಕೊಡತಾರ?"

"ನೀ ಕುಂತಿಲ್ಲ. ನೀ ಹೊರಗಿದ್ದಿ."

"ಕೇಳಿದ ಮ್ಯಾಲ ಹೊರಗೇನ್ರೀ, ಒಳಗೇನ್ರೀ?"

ನಿಲ್ಲುವ ದಿನ ಬರುತ್ತದೆ, ಕೋರ್ಟಿನ ಕೋಣೆಯಲ್ಲಿ ನಿಲ್ಲು, ಸಮಿತಿಯ ಕೋಣೆಯಲ್ಲಿ ಬೇಡ ಎಂದು ಬೇಡಿಕೊಂಡೆ. ಒಪ್ಪಿದಳೋ ಇಲ್ಲವೋ, ತಟ್ಟುವುದನ್ನು ಮಾತ್ರ ಮುಂದುವರಿಸಿದಳು.

ಯಾದಗಿರಿಯಲ್ಲಿ ಸಭಾಂಗಣದ ಹೊರಗೆ ಟಿಪ್ಪರ್ ಮಂದಿ ಮೊದಲೇ ನೆರೆದಿದ್ದರು. ಉಸುಕು ನಿಂತರೆ ನಮ್ಮ ಹೊಟ್ಟೆ ನಿಲ್ಲುತ್ತದೆ ಎಂದು ಘೋಷಣೆ. ನಾನು ಗೇಟು ದಾಟುವಾಗ ಒಂದು ಕಲ್ಲು ನನ್ನ ಭುಜಕ್ಕೆ ಬಿತ್ತು, ಇನ್ನೊಂದು ನನ್ನನ್ನು ಒಳಗೆ ಕರೆದೊಯ್ಯಲು ಬಂದಿದ್ದ ಪೇದೆಯ ಕಿವಿ ಹರಿಯಿತು. ಆತ ಕಿವಿ ಮುಚ್ಚಿಕೊಂಡು, "ಮೇಡಂ, ಓಡ್ರಿ, ನನ್ನ ನೋಡಬ್ಯಾಡ್ರಿ" ಎಂದ. ಒಳಗೆ ಮೂರನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯವನು ಕುಳಿತು ನನಗೆ ನಮಸ್ಕಾರ ಮಾಡಿದ.

ಉಸುಕಿನ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಯಂತ್ರದ ದೋಣಿಗಳು ಎಲ್ಲಿ ನಿಲ್ಲುತ್ತವೆ, ದೂರು ಕೊಟ್ಟರೆ ಏನಾಗುತ್ತದೆ, ಬಲೆಗಳು ಹೇಗೆ ಹರಿಯುತ್ತವೆ ಎಲ್ಲವನ್ನೂ ಹೇಳಿದೆ. ಕೊನೆಗೆ ಅಧ್ಯಕ್ಷರು ಆ ಪ್ರಶ್ನೆಗೆ ಬಂದರು. ನಾನು ಆದೇಶದ ಪ್ರತಿಯನ್ನು ಮೇಜಿನ ಮೇಲಿಟ್ಟು, ಉತ್ತರಿಸುವುದಿಲ್ಲ ಎಂದೆ.

ಒಬ್ಬ ಸದಸ್ಯರು ಮೇಜು ಗುದ್ದಿದರು. "ಸದನಕ್ಕಿಂತ ದೊಡ್ಡಾಕಿ ಆದೇನ ನೀನು?" ಹೊರಗಿನ ಕೂಗು ಜೋರಾಯಿತು. ಕಿಟಕಿಯೊಂದು ಒಡೆಯಿತು. ಆ ಸದ್ದಿಗೆ ನಾನು ಕುರ್ಚಿಯಿಂದ ಕೆಳಗೆ ಕುಸಿದು, ಎರಡೂ ಕೈಗಳಿಂದ ಜಡೆಯನ್ನು ಮುಚ್ಚಿಕೊಂಡೆ. ಯಾರೂ ನಗಲಿಲ್ಲ. ಕಲ್ಲು ಅಧ್ಯಕ್ಷರ ಕಾಲ ಬಳಿ ಉರುಳಿ ಬಂದು ನಿಂತಿತು. ಅವರು ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸಭಿಕರನ್ನು ಹೊರಗೆ ಕಳಿಸಿ, ಬಾಗಿಲು ಹಾಕಿಸಿದರು. ನನಗೆ ನೀರು ತರಿಸಿದರು.

"ಈಗ ಯಾರೂ ಇಲ್ಲಮ್ಮ. ನಾವಷ್ಟೇ. ಕಿವಿಯಲ್ಲಿ ಹೇಳು. ನಾನು ನಿಮ್ಮ ಪರವಾಗೇ ಇದ್ದೀನಲ್ಲ."

ಎಲ್ಲಕ್ಕಿಂತ ಕಷ್ಟದ ಗಳಿಗೆ ಅದು. ಸ್ಪ್ಯಾನರಿಗೆ ಇಲ್ಲ ಎನ್ನುವುದಕ್ಕೆ ಭಯವೇ ಸಾಕಾಗಿತ್ತು. ಈ ಮನುಷ್ಯನ ಕಣ್ಣಲ್ಲಿ ನೀರಿತ್ತು, ಬಾಗಿಲು ಹಾಕಿತ್ತು. ಅವರು ಕಾವಲು ಕೊಡಿಸಬಲ್ಲವರು. ಇವರಿಗೆ ಹೇಳಿದರೆ ನಾಳೆ ಇನ್ನೊಬ್ಬರಿಗೂ ಹೇಳಬೇಕಾಗುತ್ತದೆ, ಆ ಇನ್ನೊಬ್ಬರು ಇವರಂಥವರಾಗಿರುವುದಿಲ್ಲ ಎನಿಸಿತು.

"ಗೊತ್ತದ ಸರ್," ಎಂದೆ. "ಆದ್ರ ಈ ಪ್ರಶ್ನಿ ನಿಮ್ಮದಲ್ಲ."

ಅವರು ಕಾರ್ಯದರ್ಶಿಯ ಕಡೆ ತಿರುಗಿ, ಆ ಪ್ರಶ್ನೆಯನ್ನು ನಡಾವಳಿಯಿಂದ ತೆಗೆಯಲು ಹೇಳಿದರು. ಮೇಜು ಗುದ್ದಿದ ಸದಸ್ಯರು ಎದ್ದು ಹೋದರು. ಅಧ್ಯಕ್ಷರು ಕಲ್ಲನ್ನು ಎತ್ತಿ ಕಾಗದಗಳ ಮೇಲಿಟ್ಟು, "ಸುರಪುರದಲ್ಲಿ ನಾನು ಕೇಳಬಾರದಿತ್ತು" ಎಂದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ಕೊಲೆಯ ವಿಚಾರಣೆ ಶುರುವಾಗುವ ದಿನ ಬಂತು. ಮೂವರೂ ಕೋರ್ಟಿಗೆ ಬಂದರು. ಮುದುಕಿಯ ದವಡೆ ಒಂದು ಕಡೆ ಸೊಟ್ಟಗೆ ಕೂಡಿತ್ತು. ಸೊಸೆ ಅವಳ ತೋಳು ಹಿಡಿದಿದ್ದಳು. ಕೋಣೆಯೊಳಗೆ ಒಬ್ಬರ ಸಾಕ್ಷ್ಯವನ್ನು ಇನ್ನೊಬ್ಬರು ಕೇಳಿಸಿಕೊಳ್ಳುವಂತಿಲ್ಲ, ಒಬ್ಬೊಬ್ಬರಾಗಿ ಬರಬೇಕು. ಜೀಪಿನ ಹಲ್ಲೆಗೆ ನಾನೂ ಸಾಕ್ಷಿಯಾದ್ದರಿಂದ ಒಳಗಿರುವಂತಿರಲಿಲ್ಲ. ನೆರೆಮನೆಯ ಸೊಸೆಯ ಹೆಸರನ್ನು ಕೂಗಲಿಲ್ಲ. ಜವಾನ ಬಂದು ಕೈ ಸನ್ನೆ ಮಾಡಿದ. ಆಕೆ ಕೂಸನ್ನು ನನ್ನ ತೋಳಿಗೆ ಕೊಟ್ಟು ಒಳಗೆ ಹೋದಳು.

ಬಾಗಿಲು ಹಾಕಿದ ಸದ್ದಿಗೆ ನಾನು ಬೆಚ್ಚಿದೆ. ಕೂಸೂ ಬೆಚ್ಚಿತು.

ಪಡಸಾಲೆಯಲ್ಲಿ ಮುದುಕಿ ಗೋಡೆಗೆ ಆನದೆ ನೆಟ್ಟಗೆ ನಿಂತಿದ್ದಳು. ಏನೂ ನೆನಪಿಲ್ಲದ ಸೊಸೆಯೂ ನಿಂತಳು. ಜವಾನ ಬೆಂಚು ತೋರಿಸಿದ.

"ಕುಂದರ್ರಿ ಅವ್ವಾ. ಒಳಗ ಭಾಳ ಹೊತ್ತಾಗತದ."

ಮುದುಕಿ ತಲೆಯಾಡಿಸಿದಳು. ಸೊಟ್ಟ ಬಾಯಿಯಿಂದ ಒಂದೊಂದೇ ಅಕ್ಷರವನ್ನು ಹೊರಡಿಸಿ, ಮುಚ್ಚಿದ ಬಾಗಿಲಿನ ಕಡೆ ಕೈ ತೋರಿಸಿದಳು. "ಆಕಿ ನಿಂತಾಳಲ್ಲ."

ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ನಾನೂ ನಿಂತೆ.